ಇಸವಿ ಅಕ್ಕನ ಲೆಕ್ಕ ತಪ್ಪಿದ ಗುರುವಾರ

ಬಾಗಿಲು ತಳ್ಳಿಕೊಂಡು ಒಳಗೆ ಬಂದವನು "ಟೇಪ್ ಮಷೀನ್ ಎಲ್ಲಿದೆ ಮೇಡಂ?" ಎಂದ ಕೂಡಲೇ ಅವಳ ಕೈಯಲ್ಲಿದ್ದ ನೀರಿನ ಲೋಟ ತುಟಿಯ ಹತ್ತಿರವೇ ನಿಂತುಬಿಟ್ಟಿತು.

ಆ ದನಿ... ಅದೇ ದನಿ! ನಾಲ್ಕು ತಿಂಗಳಿಂದ ಪ್ರತಿ ಗುರುವಾರ ಬೆಳಿಗ್ಗೆ ಫೋನಿನಲ್ಲಿ ಬಂದು ಅವಳ ಕಿವಿಯಲ್ಲಿ ಮನೆ ಮಾಡಿಕೊಂಡ ದನಿ.

ಆದರೆ ಈ ಮುಖ? ತಲೆಯಲ್ಲಿ ಒಂದು ಬಿಳಿ ಕೂದಲಿಲ್ಲ. ಕಣ್ಣಿನ ಪಕ್ಕ ಒಂದು ಗೆರೆಯಿಲ್ಲ. ಹೆಗಲಿಗೆ ಸಲಕರಣೆಯ ಚೀಲ, ಮೊಣಕೈವರೆಗೆ ಮಡಚಿದ ಅಂಗಿಯ ತೋಳು. ಹೆಚ್ಚೆಂದರೆ ಮೂವತ್ತೈದು ಇರಬಹುದು.

'ನನ್ನ ಗುರುವಾರದವರಿಗೆ ನಲವತ್ನಾಲ್ಕಲ್ಲವೇ...'

ಬಾಗಿಲ ಬಳಿಯ ಕಾರ್ಯಕ್ರಮದ ಪೋಸ್ಟರಿನಲ್ಲಿ ಅವಳ ಚಿತ್ರ ನೋಡಿದ್ದ ಅವನೂ ಅವಳ ದನಿ ಕೇಳುವ ಮೊದಲೇ ಅವಳನ್ನು ಗುರುತಿಸಿದ್ದ. ಮುಖದಲ್ಲಿ ಮೊದಲು ಸಂತೋಷ ಬಂತು, ಅದರ ಹಿಂದೆಯೇ ಸಿಕ್ಕಿಬಿದ್ದ ಕಳ್ಳನ ಕಳೆಯೂ ಬಂತು.

ಏನಾಗಿತ್ತೆಂದು ಹೇಳಿಬಿಡುತ್ತೇನೆ. ಅವಳು ಆ ಪುಟ್ಟ ರೇಡಿಯೋ ಕೇಂದ್ರದ ಬೆಳಗಿನ ನಿರೂಪಕಿ. ಕಾರ್ಯಕ್ರಮದ ಹೆಸರು 'ಹದಿನಾರರ ಹಾಡು'. ಕೇಳುಗರು ಫೋನ್ ಮಾಡಿ ತಮ್ಮ ಪ್ರಾಣದ ಹಾಡು ಯಾವುದೆಂದು ಹೇಳಬೇಕು, ಇವಳು ಆ ಹಾಡು ಬಂದ ವರ್ಷದಿಂದ ಹದಿನಾರು ಕಳೆದು ಅವರು ಹುಟ್ಟಿದ ಇಸವಿ ಹೇಳಬೇಕು. ಹದಿನಾರರಲ್ಲಿ ಕಿವಿಗೆ ಬಿದ್ದ ಹಾಡನ್ನು ಮನುಷ್ಯ ಸಾಯುವ ತನಕ ಬಿಡುವುದಿಲ್ಲ ಎಂಬುದು ಅವಳ ಸಿದ್ಧಾಂತ. ಆರು ವರ್ಷದಲ್ಲಿ ಒಂದೆರಡು ವರ್ಷ ಆಚೀಚೆ ಆಗಿದ್ದು ಬಿಟ್ಟರೆ ಲೆಕ್ಕ ಕೈಕೊಟ್ಟಿರಲಿಲ್ಲ. ಊರಿಗೆಲ್ಲ ಅವಳು 'ಇಸವಿ ಅಕ್ಕ'.

ಮ್ಯಾನೇಜರಿಗಂತೂ ಈ ಲೆಕ್ಕ ತಲೆಗೇರಿತ್ತು. ಕ್ಯಾಸೆಟ್ ತಲೆಮಾರು, ಸಿ.ಡಿ. ತಲೆಮಾರು, ಫೋನ್ ತಲೆಮಾರು ಎಂದು ಕೇಳುಗರನ್ನೆಲ್ಲ ವಿಂಗಡಿಸಿ, ಕಪಾಟುಗಳಿಗೆ ಬಣ್ಣಬಣ್ಣದ ಚೀಟಿ ಅಂಟಿಸಿದ್ದರು. ಬಿಟ್ಟರೆ ನೌಕರರ ಬೆನ್ನಿಗೂ ಅಂಟಿಸುವ ಆಸಾಮಿ.

ನಾಲ್ಕು ತಿಂಗಳ ಹಿಂದೆ ಗಂಡುದನಿಯೊಂದು ಅಷ್ಟಾಗಿ ಯಾರೂ ಕೇಳದ ಹಾಡೊಂದನ್ನು ಕೇಳಿತು. ಕ್ಯಾಸೆಟ್ಟಿನ ಎರಡನೇ ಮಗ್ಗುಲಿನ ಕೊನೆಯ ಹಾಡು. ಅವಳು ಹಿಗ್ಗಿನಿಂದ, ನಿಮಗೆ ನಲವತ್ನಾಲ್ಕು, ನನಗಿಂತ ಒಂದೇ ವರ್ಷ ದೊಡ್ಡವರು ಎಂದುಬಿಟ್ಟಳು. "ಹೂಂ... ಹತ್ತಿರ ಬಂದ್ರಿ" ಎಂದಿತು ದನಿ.

ಹಾಡು ಶುರುವಾದ ಮೇಲೆ ಫೋನ್ ಇಡಬೇಕೆಂಬುದು ನಿಯಮ. ಅವಳು ಇಡಲಿಲ್ಲ. ಮುಂದಿನ ವಾರದಿಂದ ಅವನು ಕೇಳುವ ಹಾಡುಗಳು ಉದ್ದವಾಗುತ್ತಾ ಹೋದವು. ನಾಲ್ಕು ನಿಮಿಷದ್ದು, ಆರು ನಿಮಿಷದ್ದು, ಒಮ್ಮೆ ಎಂಟೂವರೆ ನಿಮಿಷದ್ದು. ಪಲ್ಲವಿಗೆ ಮುಂಚೆ ಗಾಯಕಿ ಎಳೆದುಕೊಳ್ಳುವ ಉಸಿರಿನ ಬಗ್ಗೆ, ಕ್ಯಾಸೆಟ್ಟಿನಲ್ಲಿ ಅಳಿಸಿದ ಹಾಡು ಹೊಸ ಹಾಡಿನ ಅಡಿಯಲ್ಲಿ ಸಣ್ಣಗೆ ಕೇಳಿಸುತ್ತಿದ್ದ ಬಗ್ಗೆ ಇಬ್ಬರೂ ಮಾತಾಡಿದ್ದೇ ಮಾತಾಡಿದ್ದು.

ಎಲ್ಲರೂ ಅಕ್ಕಾ ಎನ್ನುತ್ತಿದ್ದರು. ಅವನೊಬ್ಬ ಒಮ್ಮೆಯೂ ಅನ್ನಲಿಲ್ಲ. ಅದನ್ನು ಅವಳು ಗಮನಿಸಿದ್ದಳು, ನಾವೂ ಗಮನಿಸೋಣ.

ಮದುವೆ ಮುರಿದು ಹತ್ತು ವರ್ಷವಾಗಿತ್ತು. ಇನ್ನೊಬ್ಬರನ್ನು ನಂಬುವ ಧೈರ್ಯ ತನ್ನಲ್ಲಿ ಉಳಿದಿಲ್ಲವೆಂದೇ ಅವಳು ತಿಳಿದಿದ್ದಳು. ಆ ಧೈರ್ಯ ಗುರುವಾರಗಳಲ್ಲಿ ಹನಿ ಹನಿಯಾಗಿ ಮರಳಿ ಬರುತ್ತಿತ್ತು.

ಈಗ ಅದೆಲ್ಲ ಹಜಾರದಲ್ಲಿ ಹೆಗಲಿಗೆ ಚೀಲ ಹಾಕಿಕೊಂಡು ನಿಂತಿತ್ತು. ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಲು ಹತ್ತು ದಿನದ ಕೆಲಸಕ್ಕೆ ಕರೆಸಿದ್ದೇನೆ ಎಂದು ಮ್ಯಾನೇಜರ್ ಪರಿಚಯ ಮಾಡಿಸಿ, ಹುಡುಗ ಪಕ್ಕಾ ಫೋನ್ ತಲೆಮಾರು, ಆದರೂ ಕೈಯಲ್ಲಿ ಕಸುಬಿದೆ ಎಂದು ಸೇರಿಸಿದರು.

ಅವರು ಅತ್ತ ಹೋದ ಮೇಲೆ ಅವಳು ಅವನತ್ತ ತಿರುಗಿದಳು.

"ನಮ್ಮ ಕಾಲದ ಹಾಡುಗಳನ್ನ ಉರು ಹೊಡ್ಕೊಂಡು ಬಂದು ನನ್ನ ಮುಂದೆ ಒಪ್ಪಿಸ್ತಿದ್ರಾ? ಯಾಕೆ, ಸ್ನೇಹಿತರ ಜೊತೆ ಪಂದ್ಯ ಕಟ್ಟಿದ್ರಾ?"

"ಹಾಗಲ್ಲ. ಹೇಳ್ಬೇಕು ಅಂತ ಪ್ರತಿ ವಾರ..."

ಅವಳು ಸ್ಟುಡಿಯೋದ ಬಾಗಿಲು ಹಾಕಿಕೊಂಡಳು. ಆ ಬಾಗಿಲು ಹಾಕಿದರೆ ಹೊರಗಿನ ಯಾವ ಸದ್ದೂ ಒಳಗೆ ಬರುವುದಿಲ್ಲ. ತನ್ನ ಅಳು ಹೊರಗೆ ಹೋಗುವುದಿಲ್ಲ ಎಂಬುದಷ್ಟೇ ಅವಳಿಗೆ ಆಗ ಬೇಕಾಗಿತ್ತು.

ಹತ್ತು ದಿನ ಅವನು ಟೇಪುಕೋಣೆಯಲ್ಲಿ ತಲೆಯೆತ್ತದೆ ಕೆಲಸ ಮಾಡಿದ. ಅವಳು ಕಂಡೂ ಕಾಣದಂತೆ ಓಡಾಡಿದಳು. ನಡುವೆ ಬಂದ ಗುರುವಾರ ಅವನ ಫೋನ್ ಬರಲಿಲ್ಲ. ಬರಬಾರದೆಂದು ಹಟ ಹಿಡಿದವಳೇ ಬೆಳಗಿನಿಂದ ಫೋನಿನ ಕೆಂಪು ದೀಪ ನೋಡುತ್ತಾ ಕೂತಿದ್ದಳು. ಹತ್ತನೆಯ ದಿನ ಅವನು ಕೋಣೆಯ ಬೀಗದಕೈ ಮ್ಯಾನೇಜರಿಗೆ ಕೊಟ್ಟು ಹೊರಟುಹೋದ.

'ಒಳ್ಳೆಯದೇ ಆಯಿತು' ಎಂದುಕೊಂಡಳು. ಒಳ್ಳೆಯದಾದರೆ ಎದೆ ಯಾಕೆ ಇಷ್ಟು ಭಾರ?

ಅದರ ಮುಂದಿನ ಗುರುವಾರ ಒಬ್ಬ ಹೆಂಗಸಿನ ಫೋನ್ ಬಂತು. ಕೇಳಿದ್ದು ಅದೇ ಹಾಡು, ಎರಡನೇ ಮಗ್ಗುಲಿನ ಕೊನೆಯದು. ನೇರ ಪ್ರಸಾರ, ತಪ್ಪಿಸಿಕೊಳ್ಳುವಂತಿರಲಿಲ್ಲ. ಅವಳು, ನಿಮಗೆ ನಲವತ್ನಾಲ್ಕು ಅಥವಾ ನಲವತ್ತೈದು ಎಂದಳು.

"ನಲವತ್ತೈದು. ಸರಿಯಾಗಿ ಹೇಳಿದ್ರಿ. ಈಗ ನನ್ನ ತಮ್ಮನ ವಯಸ್ಸು ಹೇಳಿ ನೋಡೋಣ. ಅವನಿಗೂ ಇದೇ ಹಾಡು."

ಆ ಕಡೆಯ ಅಕ್ಕ ತಾನೇ ಮುಂದುವರಿಸಿದಳು. ಅಪ್ಪನದು ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿ. ತಾನು ಮದುವೆಯಾಗಿ ಹೋಗುವಾಗ ತನ್ನ ಹನ್ನೊಂದು ಕ್ಯಾಸೆಟ್‌ಗಳನ್ನು ಅಲ್ಲೇ ಬಿಟ್ಟಿದ್ದಳು, ಆಗ ತಮ್ಮನಿಗೆ ಎಂಟು ವರ್ಷ. ರಿಪೇರಿಗೆ ಬಂದ ಪ್ರತಿಯೊಂದು ಮಷೀನನ್ನೂ ಆ ಹನ್ನೊಂದರಲ್ಲಿ ಒಂದನ್ನು ಹಾಕಿಯೇ ಅಪ್ಪ ಪರೀಕ್ಷೆ ಮಾಡುತ್ತಿದ್ದದ್ದು, ಹೊಸದು ಒಂದನ್ನೂ ತರಲಿಲ್ಲ.

"ಅವನ ಓರಗೆಯವರು ಬೇರೆ ಏನೇನೋ ಕೇಳ್ಕೊಂಡು ಬೆಳೆದ್ರು. ಇವನಿಗೆ ಅದ್ಯಾವುದೂ ಗೊತ್ತಿಲ್ಲ. ಅವರ ನಡುವೆ ಕೂತ್ರೆ ಇವನು ಪರದೇಶಿ. ಅವನು ಯಾವುದನ್ನೂ ಉರು ಹೊಡೀಲಿಲ್ಲ ತಾಯಿ. ಎರಡು ವಾರದಿಂದ ಸರಿಯಾಗಿ ಊಟ ಮಾಡ್ತಿಲ್ಲ, ಅದಕ್ಕೇ ನಾನು ಫೋನ್ ಮಾಡಿದ್ದು."

ರೇಡಿಯೋದಲ್ಲಿ ಮೂರು ಸೆಕೆಂಡಿನ ಮೌನವೇ ಅಪರಾಧ. ಅವಳು ಒಂಬತ್ತು ಸೆಕೆಂಡು ಸುಮ್ಮನಿದ್ದಳು. ಗಾಜಿನಾಚೆ ಮ್ಯಾನೇಜರ್ ಎರಡೂ ಕೈ ಬೀಸುತ್ತಿದ್ದರು.

"ಕೇಳುಗರೇ" ಎಂದಳು ಕೊನೆಗೆ, "ಇವತ್ತು ನನ್ನ ಲೆಕ್ಕ ತಪ್ಪಿದೆ."

ಹಾಡು ಹಾಕಿದಳು. ಕಣ್ಣೊರೆಸಿಕೊಂಡಳು. ಕಾರ್ಯಕ್ರಮ ಮುಗಿದ ಮೇಲೆ ಅಂಗಡಿಯ ವಿಳಾಸ ಕೇಳಿದಾಗ ಮ್ಯಾನೇಜರ್ ಒಂದೇ ಒಂದು ಪ್ರಶ್ನೆ ಕೇಳದೆ ಬರೆದುಕೊಟ್ಟರು.

ನಡುಮಧ್ಯಾಹ್ನದ ಬೀದಿಯಲ್ಲಿ ಅಂಗಡಿ ಅರ್ಧ ಬಾಗಿಲು ಹಾಕಿತ್ತು. ಒಳಗೆ ಬೆಸುಗೆಯ ವಾಸನೆ. ಬಿಚ್ಚಿಟ್ಟ ಮಷೀನಿನ ಮುಂದೆ ಕೂತಿದ್ದವನು ಅವಳನ್ನು ಕಂಡು ಎದ್ದ ರಭಸಕ್ಕೆ ತಿರುಪುಗಳೆಲ್ಲ ನೆಲಕ್ಕೆ ಚೆಲ್ಲಿದವು. ಇಬ್ಬರೂ ಕೂತು ಹೆಕ್ಕತೊಡಗಿದರು. ಮುಖ ನೋಡದೆ ಮಾತಾಡಲು ಅದೇ ಅನುಕೂಲವಾಯಿತು.

ಅಕ್ಕ ಫೋನ್ ಮಾಡುತ್ತಾಳೆಂದು ತನಗೆ ಗೊತ್ತಿರಲಿಲ್ಲ ಎಂದು ಅವನು ಮೊದಲು ಕ್ಷಮೆ ಕೇಳಿದ.

"ನೀವು ನನ್ನ ವಯಸ್ಸು ಕೇಳ್ಲೇ ಇಲ್ಲ, ನೀವೇ ಹೇಳಿಬಿಟ್ರಿ. ಅಷ್ಟು ಖುಷಿಯಾಗಿದ್ರಿ. ಅಲ್ಲ ಅಂದ್ರೆ ಮುಂದಿನ ವಾರ ಮಾತಾಡ್ತೀರೋ ಇಲ್ವೋ ಅಂತ ಭಯ ಆಯ್ತು. ಅದು ನನ್ನ ತಪ್ಪೇ."

ಅವಳು ಹೆಕ್ಕಿದ ತಿರುಪುಗಳನ್ನು ಅಂಗೈಯಲ್ಲಿ ಒಟ್ಟು ಮಾಡಿಕೊಂಡಳು. ಆಮೇಲೆ ಈವರೆಗೆ ಯಾರಿಗೂ ಹೇಳದ ಮಾತನ್ನು ಅವನ ಮುಂದಿಟ್ಟಳು.

"ನಾನು ಹದಿನಾರರಲ್ಲಿ ಒಂದು ಹಾಡೂ ಕೇಳಿಲ್ಲ" ಎಂದಳು. "ಅಪ್ಪ ಹಾಸಿಗೆ ಹಿಡಿದಿದ್ರು. ಸದ್ದು ಆಗ್ಬಾರ್ದು ಅಂತ ಅಮ್ಮ ರೇಡಿಯೋನ ಬಟ್ಟೇಲಿ ಸುತ್ತಿ ಅಟ್ಟಕ್ಕೆ ಹಾಕಿದ್ರು. ಆ ಹಾಡುಗಳನ್ನೆಲ್ಲ ನಾನು ಕಲಿತಿದ್ದು ಇಪ್ಪತ್ನಾಲ್ಕರಲ್ಲಿ, ಇದೇ ಕೇಂದ್ರದಲ್ಲಿ ಟೇಪ್ ಪೆಟ್ಟಿಗೆಗಳ ಧೂಳು ಒರೆಸ್ತಾ. ಪಟ್ಟಿ ಮಾಡ್ಕೊಂಡು, ಒಂದೊಂದಾಗಿ. ಉರು ಹೊಡೆದವಳು ನಾನು. ನಮ್ಮ ಕಾಲ, ನಮ್ಮ ಹಾಡು ಅಂತ ಆರು ವರ್ಷದಿಂದ ಹೇಳ್ತಿದ್ದೀನಲ್ಲ... ಆ ಕಾಲ ನನಗೆ ಸಿಗಲೇ ಇಲ್ಲ."

ಅವನು ಅವಳ ಅಂಗೈಯಿಂದ ತಿರುಪುಗಳನ್ನು ಒಂದೊಂದಾಗಿ ತೆಗೆದು ತಟ್ಟೆಗೆ ಹಾಕಿದ. ಎಲ್ಲ ಮುಗಿದ ಮೇಲೂ ಆ ಕೈ ಅವನ ಕೈಯಲ್ಲೇ ಇತ್ತು.

"ನಿಮ್ಮ ವಯಸ್ಸೆಷ್ಟು?" ಮೊದಲ ಸಲ ಕೇಳಿದಳು.

"ಮೂವತ್ನಾಲ್ಕು."

"ಒಂಬತ್ತು ವರ್ಷ. ಜನ ಆಡ್ಕೋತಾರೆ."

"ಆಡ್ಕೊಳ್ಳಲಿ. ನನಗೆ ನೀವು ಇಷ್ಟ. ಗುರುವಾರ ಮಾತ್ರ ಅಲ್ಲ."

ಪಕ್ಕದ ಅಂಗಡಿಯಿಂದ ಯಾರೋ ಇಪ್ಪತ್ತರ ಆಸುಪಾಸಿನವರು ಹಾಡಿದ ಹೊಸ ಹಾಡೊಂದು ತೇಲಿಬರುತ್ತಿತ್ತು. ಇಬ್ಬರಿಗೂ ಅದರ ಒಂದು ಸಾಲೂ ಗೊತ್ತಿರಲಿಲ್ಲ. ಗದ್ದಲವಾಗುತ್ತದೇನೋ ಎಂದು ಅವನು ಬಾಗಿಲು ಹಾಕಲು ಎದ್ದ. ಅವಳು ಕೈ ಬಿಡಲಿಲ್ಲ.

"ಇರಲಿ. ಕೇಳೋಣ."

"ಇಷ್ಟ ಆಗ್ತಿದೆಯಾ?"

"ಇನ್ನೂ ಗೊತ್ತಿಲ್ಲ... ಒಂದು ಹತ್ತು ವರ್ಷ ಜೊತೆಯಾಗಿ ಕೇಳಿದ್ರೆ ಹೇಳ್ತೀನಿ."

ಅವನು ಮತ್ತೆ ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತ.

"ಹತ್ತು ವರ್ಷ ಸಾಕಾ?"