ಹರಿತಾಳದ ಪತಂಗ

ಬಹಳ ಬಹಳ ಹಿಂದೆ, ದೀಪಗಿರಿ ಎಂಬ ರಾಜ್ಯದಲ್ಲಿ ಧೂಮಾಕ್ಷನೆಂಬ ಮಂತ್ರವಾದಿಯಿದ್ದ. ರಾಜನಿಗೆ ಪತಂಗಗಳ ಚಿತ್ರದ ಹೊತ್ತಗೆ ಮಾಡಿಕೊಡುವ ನೆಪದಲ್ಲಿ ಅರಮನೆಯ ಪಕ್ಕದಲ್ಲೇ ಚಿತ್ರಶಾಲೆ ಹೂಡಿದ್ದ. ಅಲ್ಲಿ ಬಾಚಣ್ಣ ತಾಮ್ರದ ತಗಡಿನ ಮೇಲೆ ಪತಂಗ ಕೊರೆದು, ಮಸಿ ಸವರಿ, ಕಾಗದಕ್ಕೆ ಅಚ್ಚೊತ್ತುತ್ತಿದ್ದ. ಅದಕ್ಕೆ ಬಣ್ಣ ತುಂಬುವವಳು ಅವನ ತಂಗಿ ಮಾಚಲೆ. ತಂದೆತಾಯಿ ಇಲ್ಲದ ಅವಳನ್ನು ಸಾಕಿ ಸಲಹಿದವನು ಆ ಅಣ್ಣನೇ.

ಮಾಚಲೆಯ ಕೈಯೆಂದರೆ ಕೈ! ಪತಂಗದ ಮೀಸೆಯಲ್ಲೂ ಬಣ್ಣ ಗೆರೆ ದಾಟುತ್ತಿರಲಿಲ್ಲ. ಒಂದೇ ಕೆಟ್ಟ ಚಾಳಿ, ಆ ಶಾಲೆಯವರಿಗೆಲ್ಲ ಇದ್ದದ್ದೇ: ಕುಂಚದ ತುದಿಯನ್ನು ತುಟಿಗಿಟ್ಟು ಚೂಪು ಮಾಡುವುದು. ಧೂಮಾಕ್ಷನಿಗೆ ಬೇಕಾದದ್ದೂ ಅದೇ. ರಕ್ತಸಂಬಂಧಿಗಳ ಎಂಜಲು ತಾಗಿದ ಬಣ್ಣದಿಂದ ಅವನ ಮಂತ್ರ ಮನುಷ್ಯರನ್ನು ಪತಂಗ ಮಾಡಿ ಹಾಳೆಗೆ ಕಟ್ಟುತ್ತಿತ್ತು. ಕಟ್ಟಿದವರ ಆಯುಸ್ಸೆಲ್ಲ ಆ ಪಾಪಿಯ ಪಾಲು.

ಬಾಚಣ್ಣನಿಗೆ ಈ ಗುಟ್ಟೂ ಅದನ್ನು ಮುರಿಯುವ ಬಗೆಯೂ ತಿಳಿಯಿತು. ಮರುದಿನವೇ ಅವನು ಕಾಣದಾದ.

"ನಮ್ಮಣ್ಣ ಎಲ್ಲಿ, ಸ್ವಾಮಿ?"

"ತಾಮ್ರ ತರೋಕೆ ಹೋಗಿದ್ದಾನೆ. ನೀನು ಈ ಹಾಳೆ ಮುಗಿಸು" ಎಂದ ಧೂಮಾಕ್ಷ.

ಪಾಪ, ಅವಳೇನು ಬಲ್ಲಳು! ನೀಲಿ ಹಚ್ಚಿದಳು, ಅರಗಿನ ಕೆಂಪು ಹಚ್ಚಿದಳು, ಕೊನೆಗೆ ಹರಿತಾಳದ ಹಳದಿ ಹಚ್ಚಿದಳು. ರೆಕ್ಕೆ ನಡುಗಿತು. ಹಾಳೆಯೊಳಗಿಂದ ಅಣ್ಣನ ದನಿ ಬಂತು.

"ತಂಗೀ, ನಾನಮ್ಮಾ."

ಮಾಚಲೆ ಕುಂಚ ಎಸೆದಳು. "ಅಯ್ಯೋ, ನನ್ನ ಕೈಯಾರೆ ಮಾಡಿದೆನಲ್ಲಣ್ಣಾ! ಬಿಡಿಸೋದು ಹೇಗೆ?"

ಬಾಚಣ್ಣ ಹೇಳಲೊಲ್ಲ. ಅವಳು ಅತ್ತು ಆಣೆಯಿಟ್ಟ ಮೇಲೆ ಬಾಯಿಬಿಟ್ಟ. "ಬಾಯಿಂದ ಹತ್ತಿದ ಬಣ್ಣ ಬಾಯಿಂದಲೇ ಹೋಗಬೇಕು. ಒಂದು ಹಾಳೆ ಬರಿದಾದರೆ ಮಂತ್ರವೇ ಮುರಿದು ಎಲ್ಲರಿಗೂ ಬಿಡುಗಡೆ. ಆದರೆ ನೀನು ನೆಕ್ಕಿದ ಬಣ್ಣ ನಿನ್ನ ಕಣ್ಣಿಗೆ ಮತ್ತೆಂದೂ ಕಾಣದು. ಹರಿತಾಳವಂತೂ ವಿಷ. ಬೇಡ, ನನ್ನನ್ನು ಬಿಟ್ಟುಬಿಡು."

ಮಾಚಲೆ ನೀಲಿಯನ್ನು ನೆಕ್ಕಿದಳು. ಕಿಟಕಿಯಾಚೆ ಆಕಾಶ ಬೂದಿಯಾಯಿತು.

"ಸಾಕು ತಂಗೀ" ಎಂದ ಅಣ್ಣ.

"ಇನ್ನೂ ಇದೆ ಅಣ್ಣಾ" ಎಂದಳು.

ಕೆಂಪನ್ನು ನೆಕ್ಕಿದಳು. ತನ್ನ ಹಣೆಯ ಕುಂಕುಮ ಇನ್ನು ತನಗೆ ಕಾಣದೆಂದು ನೆನೆದು ಬಿಕ್ಕಿದಳು.

"ಸಾಕು ತಂಗೀ."

"ಇನ್ನೂ ಇದೆ ಅಣ್ಣಾ."

ಉಳಿದದ್ದು ಹರಿತಾಳ. ದಿನಾ ಕುಂಚದಿಂದ ಚೂರು ತಾಗಿದರೇ ನಾಲಿಗೆ ಉರಿಯುತ್ತಿತ್ತು. ಇದೋ ರೆಕ್ಕೆ ತುಂಬ. ಅಷ್ಟರಲ್ಲಿ ಧೂಮಾಕ್ಷ ಓಡಿಬಂದು ಅವಳ ಜುಟ್ಟು ಹಿಡಿದ. "ಹುಚ್ಚೀ, ಸಾಯ್ತೀಯ!"

"ಸತ್ತರೆ ಸಾಯ್ತೀನಿ, ನಿನಗೇನೋ!" ಎಂದವಳೇ ಹಾಳೆಯನ್ನು ಬಾಯಿಗೊತ್ತಿಕೊಂಡಳು.

ಹಾಳೆ ಬರಿದಾಯಿತು. ಹೊತ್ತಗೆಯ ಪುಟಪುಟಗಳಿಂದ ಪತಂಗಗಳು ಎದ್ದು, ನೆಲ ಮುಟ್ಟಿದ್ದೇ ಮನುಷ್ಯರಾದವು. ಕದ್ದ ಆಯುಸ್ಸೆಲ್ಲ ಹೊರಟುಹೋಗಿ ಧೂಮಾಕ್ಷ ನಿಂತಲ್ಲೇ ಮುದಿಯಾಗಿ, ಧೂಳಾಗಿ ಉದುರಿದ. ಬಾಚಣ್ಣ ತಂಗಿಯನ್ನು ಮಡಿಲಿಗೆಳೆದುಕೊಂಡು, ವಾಂತಿ ಮಾಡಿಸಿ, ಮತ್ತೆ ಮತ್ತೆ ಹಾಲು ಕುಡಿಸಿದ. ಮೂರನೆಯ ದಿನ ಅವಳು ಕಣ್ಣು ತೆರೆದಳು.

ಕಳೆದುಹೋದವರೆಲ್ಲ ಮನೆ ಸೇರಿದರು, ರಾಜ್ಯ ತಣ್ಣಗಾಯಿತು, ಅಣ್ಣತಂಗಿ ಸುಖವಾಗಿ ಬಾಳಿದರು. ಮಾಚಲೆ ಮತ್ತೆ ಬಣ್ಣ ಹಚ್ಚಿದಳು. ಅಣ್ಣ ಪಕ್ಕದಲ್ಲಿ ಕೂತು ಬಟ್ಟಲುಗಳನ್ನು ಕೈಗಿಡುತ್ತಿದ್ದ. "ಇದು ನೀಲಿ ಕಣಮ್ಮಾ. ಇದು ಕೆಂಪು." ಹಳದಿಯ ಸರದಿ ಬಂದಾಗ ಮಾತ್ರ ಬಟ್ಟಲನ್ನು ಕೊಡದೆ ಹಿಡಿದೇ ಇರುತ್ತಿದ್ದ.

"ಗೊತ್ತಾಯ್ತು, ಕೊಡಣ್ಣ" ಎನ್ನುತ್ತಿದ್ದಳು ಮಾಚಲೆ.