ಸೊಂಟದ ಗೆರೆಯ ಮುತ್ತು

“ಕಳ್ಳಿ! ಮುತ್ತು ಬದಲಾಯ್ಸವಳೆ ಕಣ್ರಪ್ಪೋ!”

ಪೂಜೆಯ ಭರಣಿ ತೆರೆದ ವಿಶಾಲಾಕ್ಷಮ್ಮನ ಕೂಗು ಪಣಕಹಳ್ಳಿಯ ಬೀದಿಗೇ ಕೇಳಿಸಿತು. ಸೊಸೆ ಶಾಂತಮಲ್ಲಮ್ಮ ಒಲೆ ಬಿಟ್ಟು ಓಡಿಬಂದಳು.

ಆ ಮುತ್ತು ಅವಳದೇ. ಮದುವೆಗೆ ಸೋದರಮಾವ ತೂತ್ತುಕ್ಕುಡಿಯಿಂದ ಬೆಳ್ಳಿ ಪದಕಕ್ಕೆ ಕಟ್ಟಿಸಿ ತಂದದ್ದು—ಸಿಂಪಿಯೊಳಗೆ ಚಿಪ್ಪಿನ ಮಣಿಯಿಟ್ಟು ಬೆಳೆಸಿದ ಮುತ್ತು. ಅದರ ಸೊಂಟದ ಸುತ್ತ ತಾನಾಗಿಯೇ ಮೂಡಿದ ಒಂದು ಗೆರೆ. ಥೇಟ್ ಪೀಠದ ಮೇಲಿನ ಲಿಂಗ! ಅದಕ್ಕೇ ಅತ್ತೆ ಅದನ್ನು ಸೊಸೆಯ ಕೊರಳಿಂದ ಬಿಚ್ಚಿಸಿ ಪೂಜೆಗಿಟ್ಟುಕೊಂಡಿದ್ದಳು. ಕೇಳುವವರು ಯಾರು?

ಈಗ ನೋಡಿದರೆ ಗೆರೆ ಇಲ್ಲ, ಹೊಳಪಿಲ್ಲ. ಬರೀ ಮಂಕು ಪಟ್ಟೆ.

ಗಂಡ ಚಿಕ್ಕಬಸಪ್ಪ ಆಗಲೇ ಅವಳ ಟ್ರಂಕು ಜಗಲಿಗೆ ತಂದಿಟ್ಟ. “ಸತ್ಯಮಂಗಲದ ಬಸ್ಸು ಬತ್ತದೆ. ನಿಮ್ಮವ್ವನ ಮನೆಗೆ ಓಗು.”

ಅವಳಿಗೆ ಮೈಯೆಲ್ಲಾ ಉರಿದುಹೋಯಿತು. “ಕಳ್ಳಿ ಅನ್ನುಸ್ಕೊಂಡು ಓಗಾಕಿಲ್ಲ. ರಾಚಪ್ಪಣ್ಣ ಬರ್ಲಿ.”

ಅದೇ ಊರಿನ ರಾಚಪ್ಪ ತೂತ್ತುಕ್ಕುಡಿ ಬಂದರಿನಲ್ಲಿ ಪೊಲೀಸಾಗಿದ್ದು ನಿವೃತ್ತನಾದವನು, ಮುತ್ತು ಬಲ್ಲವನು. ಬಂದ, ಕೂತ, ಕೇಳಿದ.

“ಪೂಜೆ ಸಾಮಾನು ಬೆಳಗೋರು ಯಾರು?”

“ನಾನೇ! ಇವಳ ಕೈಗೆ ಒಂದು ಆರತಿ ತಟ್ಟೇನೂ ಕೊಟ್ಟೋಳಲ್ಲ.”

“ಮತ್ತೆ ಇವಳು ಕದ್ದದ್ದು ಎಂಗೆ?”

“ಕಳ್ಳರು ಕೇಳ್ಬುಟ್ಟು ಕದೀತಾರಾ?”

ರಾಚಪ್ಪ ಪದಕವನ್ನು ಕಿವಿಯ ಹತ್ತಿರ ಅಲ್ಲಾಡಿಸಿದ. ಟಿಕ್ ಟಿಕ್. ಪಿನ್ನಿನಿಂದ ಬೆಳ್ಳಿ ಕಟ್ಟಿನ ಸಂದಿಯನ್ನು ಕೆದಕಿ ಒಂದು ಕಂದು ಎಳೆ ಎಳೆದ.

“ಉಣ್ಸೆ ನಾರು. ಬೆಳ್ಳಿ ಕೊಕ್ಕೆ ಯಾರೂ ಬಿಚ್ಚಿಲ್ಲ, ಒಂದು ಗೀರೂ ಇಲ್ಲ. ಬಿಗಿಯಾಗಿದ್ದ ಮುತ್ತು ಅಲ್ಲಾಡ್ತಾ ಅದೆ ಅಂದ್ರೆ ಸವೆದದೆ. ಲಿಂಗದ ಬೆಳ್ಳಿ ಕರಡಿಗೆ ಜೊತೆ ಇದ್ನೂ ರಾತ್ರಿಯೆಲ್ಲಾ ಉಣ್ಸೆ ನೀರಲ್ಲಿ ನೆನೆಯಾಕಿದ್ದೀರಿ. ಬೆಳ್ಳಿ ಪಳಪಳ ಅಂತು, ಮುತ್ತಿನ ಸಿಪ್ಪೇನ ಉಣ್ಸೆ ಉಳಿ ತಿಂದಾಕ್ತು. ಗೆರೆ ಇದ್ದದ್ದು ಆ ಸಿಪ್ಪೇಲಿ. ಈ ಪಟ್ಟೆ ಒಳಗಿನ ಚಿಪ್ಪಿನ ಮಣೀದು. ಮುತ್ತು ಅದೇ, ಕೆಡಿಸಿದ್ದು ನೀವು.”

ವಿಶಾಲಾಕ್ಷಮ್ಮನ ಮುಖ ಕಪ್ಪಿಟ್ಟಿತು.

“ಮುಂಜಾನೆ ನೋಡ್ದಾಗ್ಲೇ ನಿಮ್ಗೆ ಗೊತ್ತಾಯ್ತು. ಅಲ್ವಾ?”

“ಮತ್ತೇನು! ಲಿಂಗ ಕರಗಿಸ್ದೋಳು ಅಂತ ಊರೆಲ್ಲಾ ನನ್ನ ಮುಖಕ್ಕೆ ಉಗೀಬೇಕಿತ್ತಾ?”

ಥೂ, ಎಂಥ ಹೆಂಗಸು! ರಾಚಪ್ಪ ಎದ್ದು ಟವೆಲ್ಲು ಕೊಡವಿದ.

ಚಿಕ್ಕಬಸಪ್ಪ ಹಲ್ಲುಗಿಂಜಿ ಟ್ರಂಕಿಗೆ ಕೈಹಾಕಿದ. “ಒಳಗಿಡ್ತೀನಿ, ಬಾ.”

“ಬುಡಿ ಅದ್ನ.” ಶಾಂತಮಲ್ಲಮ್ಮ ಮಂಕು ಮುತ್ತನ್ನು ತನ್ನ ಕೊರಳಿಗೇ ಕಟ್ಟಿಕೊಂಡಳು. “ನೀವು ಒಂದು ಮಾತೂ ಕೇಳ್ನಿಲ್ಲ, ಟ್ರಂಕು ತಂದಿಟ್ರಿ. ಕಳ್ಳಿ ಅಲ್ಲ ಅಂತ ಆಯ್ತಲ್ಲ—ಈಗ ಓಯ್ತೀನಿ.”

ಬಸ್ಸು ಬಂತು. ಟ್ರಂಕನ್ನು ತಾನೇ ಎತ್ತಿಕೊಂಡು ಹತ್ತಿದಳು.