ಮೂರು ಪೆಟ್ಟಿಗೆಗಳ ಒಮ್ಮತ

ಯುದ್ಧವಿಮಾನದ ಬಾಲದ ರೆಕ್ಕೆ ಹಾರುವ ಮೊದಲೇ, ಹ್ಯಾಂಗರಿನಲ್ಲೇ ಮುರಿಯಿತು. ಪರೀಕ್ಷೆಗೆಂದು ಮೂತಿಯನ್ನು ತುಸು ಎತ್ತಿದ್ದರು, ಅಷ್ಟೇ. ಮೂತಿಯ ಏರಿಳಿತವನ್ನು ಕಂಪ್ಯೂಟರಿಗೆ ತಿಳಿಸುವ ಪೆಟ್ಟಿಗೆಗಳು ನಾಲ್ಕು. ಮೂರು 'ಇಳಿಯುತ್ತಿದೆ' ಎಂದವು, ಒಂದು 'ಏರುತ್ತಿದೆ' ಎಂದಿತು. ಬಹುಮತ ನಂಬುವ ಕಂಪ್ಯೂಟರ್ ನಿಜ ಹೇಳಿದ ಆ ಒಂದನ್ನು ಬದಿಗೊತ್ತಿ, ರೆಕ್ಕೆಯನ್ನು ತಪ್ಪು ದಿಕ್ಕಿಗೆ ಬಡಿದು ಕೀಲು ಸೀಳಿತು. ನೋಡಿದರೆ ಆ ಮೂರೂ ಹಿಂದುಮುಂದಾಗಿ ಕೂತಿದ್ದವು.

ಕೂರಿಸಿದವಳು ಹೊಸ ಫಿಟ್ಟರ್ ಹುಡುಗಿ. ನಾಲ್ಕನ್ನೂ ಸರಿಯಾಗೇ ಕೂರಿಸಿದ್ದೆ ಎಂದಳು, ಯಾರೂ ಕಿವಿಗೊಡಲಿಲ್ಲ. ಕೇಂದ್ರದ ನಿರ್ದೇಶಕರು ಅವಳ ಗೇಟ್ ಪಾಸ್ ಕಿತ್ತುಕೊಂಡು, ಸಂಜೆಯೊಳಗೆ ಕಳಿಸಿ ಎಂದರು. ಅವಳಿಗೆ ಕೆಲಸ ಕೊಡಿಸಿದ ಸೋದರಮಾವ, ವರ್ಷಗಟ್ಟಲೆ ಮೇಜಿನೆದುರು ಕೂತು ಬಿಡಿಭಾಗ ಜೋಡಿಸುವ ಬೆಂಚಿನ ಕೆಲಸ ಮಾಡಿ ಈಚೆಗೆ ಇಲ್ಲಿಗೆ ಬಂದ ಫೋರ್‌ಮನ್, ತುಟಿ ಬಿಚ್ಚಲಿಲ್ಲ.

ತನಿಖೆಗೆ ಬಂದವರು ಸುರಕ್ಷತಾ ಅಧಿಕಾರಿ. ಕಂಡಲ್ಲೆಲ್ಲ ಮೂಗು ತೂರಿಸುತ್ತಾರೆಂದು ಬೆನ್ನ ಹಿಂದೆ ಅವರಿಗೆ ಮೂಗಮ್ಮ ಎಂದೇ ಹೆಸರು. ಜೊತೆಗೆ ಎಂದಿನಂತೆ ಕೇಂದ್ರದ ಫೋಟೋಗ್ರಾಫರ್. ಹುಡುಗಿಯ ಮುಖ ಕಂಡು ಅವನು ಕ್ಯಾಮೆರಾ ಕೆಳಗಿಳಿಸಿದ.

ಮೂಗಮ್ಮ ಮೂತಿಯ ಕಿಂಡಿಯೊಳಗೆ ತಲೆ ಹಾಕಿ ನಿಜಕ್ಕೂ ಮೂಸಿದರು. ತಿರುಪು ಬಿಗಿದ ಮೇಲೆ ಕೆಂಪು ಬಣ್ಣದ ಬೊಟ್ಟು ಇಡುವುದು ಅಲ್ಲಿನ ರೂಢಿ. ಮೂರು ಪೆಟ್ಟಿಗೆಗಳ ಬೊಟ್ಟು ಇನ್ನೂ ಅಂಟುತ್ತಿತ್ತು. ಆಮೇಲೆ ಜೋಡಿಸಿದ ಕೊಳವೆಗಳ ಹಿಂದಿದ್ದ ನಾಲ್ಕನೆಯದು ಒಣಗಿತ್ತು. ಫೋಟೋಗ್ರಾಫರ್ ಅದರತ್ತ ಕೈ ಹಾಕಿ ನೋಡಿದ. ಮೊಣಕೈ ಸಿಕ್ಕಿಕೊಂಡು ತರಚಿತು.

ಮಧ್ಯಾಹ್ನ ಮೂಗಮ್ಮ ಎಲ್ಲರನ್ನೂ ಕಿಂಡಿಯೆದುರು, ಬಾಲಕ್ಕೆ ಮುಖಮಾಡಿ ನಿಲ್ಲಿಸಿದರು.

"ಪೆಟ್ಟಿಗೆ ಮೇಲಿನ ಬಾಣ ಮುಂದಕ್ಕಿರಬೇಕು ಅಂತ ನಿಯಮ. ಮುಂದೆ ಅಂದ್ರೆ ಯಾವ ಕಡೆ? ಬೇಗ ತೋರಿಸಿ."

ಎಲ್ಲರ ಹೆಬ್ಬೆರಳುಗಳೂ ಬೆನ್ನ ಹಿಂದಕ್ಕೆ, ವಿಮಾನ ಹಾರುವ ದಿಕ್ಕಿಗೆ ಹೋದವು. ಫೋರ್‌ಮನ್ನರ ಕೈ ಮಾತ್ರ ನೆಟ್ಟಗೆ ಎದುರಿಗೆ, ಬಾಲದತ್ತ ಚಾಚಿ, ಸರಕ್ಕನೆ ಹಿಂದೆ ಬಂತು.

"ಬೆಂಚಿನವರಿಗೆ ಮುಂದೆ ಅಂದ್ರೆ ಕಣ್ಣೆದುರು," ಎಂದರು ಮೂಗಮ್ಮ. "ಹಸಿ ಬಣ್ಣ ಹೇಳುತ್ತೆ, ಹುಡುಗಿ ಕೂರಿಸಿದ ಮೇಲೆ ಯಾರೋ ಮೂರನ್ನ ತಿರುಗಿಸಿದ್ದಾರೆ. ಕೆಡಿಸೋಕೆ ಬಂದವನಾದರೆ ನಿಜ ಹೇಳೋದು ಒಂದೂ ಉಳಿಯದ ಹಾಗೆ ಕೊಳವೆ ಬಿಚ್ಚಿ ನಾಲ್ಕನೇದನ್ನೂ ತಿರುಗಿಸುತ್ತಿದ್ದ. ಇವರಿಗೆ ಕೈ ಎಟುಕಲಿಲ್ಲ, ಮೂರು ಸರಿಯಿದ್ದರೆ ಸಾಕು ಅಂತ ಬಿಟ್ಟರು. ತೋಳು ತರಚಿರಬೇಕು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ ಫೋರ್‌ಮನ್ ಅಂಗಿಯ ತೋಳು ಇಳಿಸಿಕೊಂಡರು. ಆಮೇಲೆ ತಾವೇ ಬಾಯಿಬಿಟ್ಟರು.

"ಇವಳು ತಪ್ಪು ಮಾಡಿದ್ದಾಳೆ ಅಂದ್ಕೊಂಡೆ. ಇವಳ ಮರ್ಯಾದೆ ಉಳಿಸೋಣ ಅಂತ ಸದ್ದಿಲ್ಲದೆ ತಿರುಗಿಸಿದೆ. ಮುರಿದ ಮೇಲೆ ನನ್ನ ಮರ್ಯಾದೆ ಉಳಿಸಿಕೊಂಡೆ."

ಫೋರ್‌ಮನ್ನರ ವಿಚಾರ ಆಮೇಲೆ ನೋಡೋಣವೆಂದು ನಿರ್ದೇಶಕರು ಹುಡುಗಿಯ ಪಾಸನ್ನು ಅವಳ ಕೈಗೇ ಕೊಟ್ಟರು. ಅವಳು ಕಣ್ಣೊರೆಸಿಕೊಂಡು ಸ್ಪ್ಯಾನರ್ ಎತ್ತಿಕೊಂಡಳು. ಫೋಟೋಗ್ರಾಫರ್ ಕ್ಯಾಮೆರಾ ಎತ್ತಲು ಮರೆತು ನೋಡುತ್ತಿದ್ದ.

ಅವಳು ವಿಮಾನದ ಮೂತಿಯನ್ನು ತಟ್ಟಿ, "ಮಾವ, ಇದು ಮುಂದೆ," ಎಂದಳು. "ಟಾರ್ಚ್ ಹಿಡಿ."